ಕಾರಣ ಬರೀರಿ

ಒಟ್ಟ ಮೂವತ್ತೆಂಟು ಚುಕ್ಕಿ.
ಬೆಳಿಗ್ಗೆ ಆರಕ್ಕ ನಾ ಕುರ್ಚಿ ಎಳಕೊಂಡು ಕೂಡೂದ್ರಾಗ
ಡಿಪೋದಿಂದ ಒಂದೊಂದ ಬಿಡಸ್ಕೊಂಡು
ಇರಿವಿ ಹೊಂಟಂಗ ಹೊಂಟಿರತಾವ
ಹುಬ್ಬಳ್ಳಿ ತುಂಬ.
ಹಸರು ಅಂದ್ರ ನಡದೈತಿ, ಹಳದಿ ಅಂದ್ರ ನಿಂತೈತಿ,
ಐದು ಮಿನಿಟು ದಾಟಿದ್ರ ಕೆಂಪು.
ಕೆಂಪಾದ್ರ ಒಂದು ಡಬ್ಬಿ ತೆರಕೊಂತೈತಿ:
ಕಾರಣ ಬರೀರಿ.

ಕಸದ ಗಾಡಿಗೆ ಕಾರಣ ಭಾಳ.
ಬಂಕಾಪುರ ಚೌಕದಾಗ ಎಮ್ಮಿ ಮಲಗಿದ್ವು.
ದುರ್ಗದಬೈಲಿನ ಸಂದ್ಯಾಗ ಪೆಂಡಾಲು ಹಾಕ್ಯಾರ.
ಕೇಶ್ವಾಪುರದ ಬಾಯಿ ಒಬ್ಬಾಕಿ
ಹಸಿ ಕಸ ಒಣ ಕಸ ಕೂಡಿಸಿ ತಂದು
ಡ್ರೈವರನಿಗೇ ಕಾಯ್ದೆ ಹೇಳಕೋತ ನಿಂತಾಳ.
ಎಲ್ಲಾ ಬರದೀನಿ.
ಇಪ್ಪತ್ತು ಅಕ್ಷರದ ಮ್ಯಾಲ
ಡಬ್ಬಿ ತಗೊಳ್ಳಂಗಿಲ್ಲ.

ಹದಿನೇಳನೇ ಗಾಡಿ ಮೌಲಾಸಾಬ ನದಾಫನದು.
ದಿನಾ ಏಳೂ ನಲವತ್ತಕ್ಕ
ನೇಕಾರ ನಗರದ ಹಿಂದಿನ ಓಣ್ಯಾಗ
ಏಳು ಮಿನಿಟು ನಿಲ್ಲತೈತಿ.
ಮಳಿ ಬಂದ ದಿನಾನೂ ಏಳು.
ಗಣಪತಿ ಕಳಿಸಿದ ಮರುದಿನ
ಊರ ಮಾರಿ ಕಾಣದಷ್ಟು ಕಸ ಬಿದ್ದಾಗನೂ ಏಳು.
ನಕಾಶದಾಗ ಅಲ್ಲೆ ಏನೂ ಇಲ್ಲ,
ಬೂದಿ ಬಣ್ಣದ ಒಂದು ಗೆರಿ, ಹೆಸರಿಲ್ಲದ್ದು.
ಎಷ್ಟು ಹಿಗ್ಗಿಸಿ ನೋಡಿದ್ರೂ
ಬೂದಿನ ದೊಡ್ಡದಾಗತೈತಿ.

ಫೋನ್ ಹಚ್ಚಿ ಕೇಳಿದೆ ಒಂದ್ಸಲ.
"ಹೌದ್ರಿ ಮೇಡಮ್ಮಾರ, ನಿಂತಿದ್ದೆ" ಅಂದ.
ಯಾಕ, ಅಂದೆ.
"ನಿಂತಿದ್ದೆ ನೋಡ್ರಿ" ಅಂದ ಮತ್ತ,
ಊಟಾತೇನು ಅಂದ್ರ ಆತ್ರಿ ಅಂದಂಗ.

ಅವತ್ತಿನಿಂದ ಅವನ ಕಾರಣ ನಾನ ಹೊಲೀತೀನಿ.
ಸೋಮವಾರ ಪಂಕ್ಚರು.
ಮಂಗಳವಾರ ರೈಲ್ವೆ ಗೇಟು,
ಆ ಓಣಿಗೂ ರೈಲಿಗೂ ಎಲ್ಲಿಂದೆಲ್ಲೆ ಸಂಬಂಧ.
ಬುಧವಾರ ನಾಯಿ ಅಡ್ಡ ಬಂತು.
ಗುರುವಾರಕ್ಕ ಏನೂ ಹೊಳೀಲಿಲ್ಲ,
ಬುಧವಾರದ ನಾಯಿನ್ನ ಮತ್ತ ಕರದೆ.
ಸಾಹೇಬ್ರು ತಿಂಗಳ ಕೊನಿಗೆ ಪ್ರಿಂಟು ತೆಗಸಿ ಸಹಿ ಹಾಕ್ತಾರ.
ಓದಂಗಿಲ್ಲ.

ಮನ್ಯಾಗ ನಂದೂ ಒಂದು ಚುಕ್ಕಿ ಐತಿ.
ತಮ್ಮ ಹಾಕಿಕೊಟ್ಟಾನ, ಎಲ್ಲಾರೂ ಎಲ್ಲಾರ ಫೋನಿನಾಗ:
ಅವ್ವ ನವಲೂರಾಗ ಪೇರಲ ಮಾರಕೋತ,
ಅಕ್ಕ ಗದಗಿನ ದವಾಖಾನಿಯಾಗ ಪಾಳಿ ಮ್ಯಾಲ ಪಾಳಿ,
ತಮ್ಮ ತಾನು ಮಾತ್ರ ಆರಿಸಿಟ್ಟಿರತಾನ.
ನಾ ಅಂದ್ರ ಎಂಟು ತಾಸು ಅಲುಗಾಡದ ನೀಲಿ.
"ನಿನ್ನ ನೋಡಿದ್ರ ಫೋನು ಸತ್ತೈತಿ ಅನಸ್ತೈತಿ"
ಅಂತಾಳ ಅಕ್ಕ.

ರವಿವಾರ ಸೂಟಿ. ಕಾಯಿಪಲ್ಲೆಕ್ಕಂತ ಚೀಲ ಹಿಡದು ಹೊಂಟಾಕಿ
ಬ್ಯಾರೆ ಬಸ್ಸು ಹತ್ತಿದೆ.
ದಾರಿ ತೋರಸೂ ಹೆಣ್ಣಮಗಳು ಫೋನಿನಾಗ
ಎಡಕ್ಕ ಹೊರಳ್ರಿ ಅಂದ್ಲು.
ಎಡಕ್ಕ ಗಟಾರು ತೋಡಿದ್ರು.
ಬಲಕ್ಕ ಹೋಗಿ ಸುತ್ತು ಹಾಕಿ ಮುಟ್ಟಿದೆ.
ಒಂದು ಗೋಡಿ.
ಗೋಡಿ ಮ್ಯಾಲ ಅರ್ಧ ಅಳಿಸಿದ ಟ್ಯೂಶನ್ ಜಾಹೀರಾತು,
ಗಣಿತಕ್ಕ ಗ್ಯಾರಂಟಿ.
ಬೇವಿನ ಗಿಡ. ಗಿಡದ ಬುಡಕ್ಕ ಒಡದ ಬೀಸೂಕಲ್ಲು,
ಯಾರೋ ಕೂತು ಕೂತು ನುಣ್ಣಗಾಗಿತ್ತು.
ಒಳಗೆಲ್ಲೋ ಒಂದು ಮಗ್ಗ
ಒಂದ ಒಂದು
ಟಕ್ ಟಕಾ ಟಕ್ ಅಂತಿತ್ತು.
ಇದ್ದದ್ದು ಇಷ್ಟ.

ಕೂತೆ.
ಮಗ್ಗ ನಿಂತು, ಯಾರೋ ಕೆಮ್ಮಿ,
ಮತ್ತ ಸುರು ಆತು.
ಬೇವಿನ ಹೂವು ಒಂದೆರಡು ಖಾಲಿ ಚೀಲದಾಗ ಬಿದ್ವು.
ಬೆಳಗಾಗ ಮೌಸು ಹಿಡದು ಮುದುಡಿದ ಕೈ
ತೊಡಿ ಮ್ಯಾಲ ಬಿಚ್ಚಿಕೊಂಡು ಬಿದ್ದಿತ್ತು,
ಮಲಗಿದ ಕೂಸಿನ ಕೈ ಹಂಗ.

ಫೋನು ಗುಂಯ್ ಅಂತು. ಅಕ್ಕ.
"ಅಲ್ಯಾಕ ಕುಂತಿ? ಅಲ್ಲೇನೈತಿ?"

ಬೆರಳು ತಯಾರಿತ್ತು:
ಪಂಕ್ಚರು, ಗೇಟು, ನಾಯಿ,
ಎಲ್ಲಾ ನಾನ ಕಟ್ಟಿದ್ವು, ಬಾಯಿಪಾಠ.
ಬರದೆ, ಅಳಿಸಿದೆ, ಮತ್ತ ಬರದೆ.
ಕಡೀಕ
"ಕುಂತೀನಿ ನೋಡು" ಅಂತ ಕಳಿಸಿದೆ.
ಎರಡು ನೀಲಿ ಗೆರಿ ಮೂಡಿದ್ವು. ಉತ್ತರ ಬರಲಿಲ್ಲ.
ಬದನಿಕಾಯಿ ಮರತ ಮನಿಗೆ ಹೋದೆ.

ಸೋಮವಾರ ಏಳೂ ನಲವತ್ತೈದಕ್ಕ
ಹದಿನೇಳು ಕೆಂಪಾತು.
ಡಬ್ಬಿ ತೆರಕೊಂತು.
ನಾ ಕೀಬೋರ್ಡಿನ ಮ್ಯಾಲಿಂದ ಕೈ ತಗದು
ಉಳದ ಎರಡು ಮಿನಿಟು
ಅವನ ಜೋಡಿ ಕುಂತೆ.